ಎಂಟು ಇಂಚಿನ ಟೆಲಿಸ್ಕೋಪ್ ಬೇಡ ಮೇಷ್ಟ್ರೇ

ಪ್ರಶ್ನೆ: ನಾನು ತಿಪಟೂರಿನ ಹತ್ತಿರ ಹೈಸ್ಕೂಲ್ ಮೇಷ್ಟ್ರು. ಕ್ಯಾನನ್ 200ಡಿ ಕ್ಯಾಮೆರಾ ಇದೆ, ಜೊತೆಗೆ 18-55 ಮತ್ತು 55-250 ಲೆನ್ಸ್. ತೋಟದಲ್ಲಿ ಟ್ರೈಪಾಡ್ ಇಟ್ಟು ಆಕಾಶಗಂಗೆಯ ಫೋಟೊ ತೆಗೆದಿದ್ದೇನೆ. ಈಗ ಮಹಾವ್ಯಾಧದ ನೀಹಾರಿಕೆ, ಆಂಡ್ರೊಮೆಡಾ, ಚಂದ್ರ, ಸಾಧ್ಯವಾದರೆ ಗುರು ಗ್ರಹ, ಇವನ್ನೆಲ್ಲ ಹತ್ತಿರದಿಂದ ತೆಗೆಯುವ ಆಸೆ. ಒಂದೂವರೆ ಲಕ್ಷ ಕೂಡಿಟ್ಟಿದ್ದೇನೆ. ಅಂಗಡಿಯವರು "ಎಂಟು ಇಂಚಿನ ಕನ್ನಡಿ ಇರುವ ರಿಫ್ಲೆಕ್ಟರ್ ತಗೊಳ್ಳಿ, ದೊಡ್ಡದಾದಷ್ಟೂ ಒಳ್ಳೇದು" ಅಂತಾರೆ. ನಮ್ಮ ಭಾವಮೈದ "ಕನ್ನಡಿ ಟೆಲಿಸ್ಕೋಪ್ ಬರೀ ತಲೆನೋವು, ಲೆನ್ಸ್ ಇರೋದು ತಗೊ" ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಮೇಷ್ಟ್ರೇ, ಎಂಟು ಇಂಚಿನದು ಬೇಡ. ಐದು ಇಂಚಿನದು ಸಾಕು. ಅಂದ್ರೆ 130 ಮಿ.ಮೀ. ಕನ್ನಡಿ, 650 ಮಿ.ಮೀ. ಫೋಕಲ್ ಲೆಂತ್ (ಕನ್ನಡಿಯಿಂದ ಬೆಳಕು ಕೂಡುವ ಜಾಗಕ್ಕಿರುವ ದೂರ), ಎಫ್/5, ಅಂದರೆ 650 ಅನ್ನು 130ರಿಂದ ಭಾಗಿಸಿದರೆ 5. ಉಳಿದ ದುಡ್ಡೆಲ್ಲ ಅದನ್ನು ಹೊರುವ ಮೌಂಟಿಗೆ ಹಾಕಿ. ಅಂಗಡಿಯವರು ಸುಳ್ಳೇನೂ ಹೇಳಿಲ್ಲ. ಕಣ್ಣಿಟ್ಟು ನೋಡುವವರಿಗೆ ದೊಡ್ಡ ಕನ್ನಡಿಯೇ ಒಳ್ಳೆಯದು. ಆದರೆ ಕಣ್ಣಿಡುವ ಜಾಗದಲ್ಲಿ ನೀವು ಕ್ಯಾಮೆರಾ ಇಡ್ತೀರಿ, ಅಲ್ಲಿಗೆ ಲೆಕ್ಕ ಬದಲಾಗುತ್ತದೆ.

ಲೆಕ್ಕ ಹೀಗಿದೆ ನೋಡಿ. ಎಂಟು ಇಂಚು ಅಂದರೆ 200 ಮಿ.ಮೀ. ಅದು 130ಕ್ಕಿಂತ 2.37 ಪಟ್ಟು ಬೆಳಕು ಹಿಡಿಯುತ್ತದೆ. ಸರಿ. ಆದರೆ ಅಂಗಡಿಯಲ್ಲಿ ಸಿಗುವ ಎಂಟು ಇಂಚಿನ ಎಫ್/5 ಕೊಳವೆಯ ಫೋಕಲ್ ಲೆಂತ್ 1000, ಹಾಗಾಗಿ ಸೆನ್ಸರ್ ಮೇಲೆ ಚಿತ್ರವೂ ದೊಡ್ಡದಾಗಿ ಬೀಳುತ್ತದೆ. ಎಷ್ಟು ದೊಡ್ಡದು? ವಿಸ್ತೀರ್ಣದಲ್ಲಿ ಸರಿಯಾಗಿ 2.37 ಪಟ್ಟು. ಜಾಸ್ತಿ ಬಂದ ಬೆಳಕು ಜಾಸ್ತಿ ಜಾಗಕ್ಕೆ ಹರಡಿಕೊಂಡಿತು, ಮುಗೀತು. ದೊಡ್ಡ ಉಂಡೆ ಹಿಟ್ಟು ತಗೊಂಡು ದೊಡ್ಡ ರೊಟ್ಟಿ ತಟ್ಟಿದ ಹಾಗೆ, ರೊಟ್ಟಿಯ ದಪ್ಪ ಮಾತ್ರ ಅಷ್ಟೇ. ಒಂದು ನೀಹಾರಿಕೆಗೆ ಐದು ಇಂಚಿನಲ್ಲಿ ಎರಡು ನಿಮಿಷ ಎಕ್ಸ್‌ಪೋಷರ್ ಬೇಕಾದರೆ ಎಂಟು ಇಂಚಿನಲ್ಲೂ ಎರಡು ನಿಮಿಷವೇ ಬೇಕು. ಸಣ್ಣ ಸಣ್ಣ ಗ್ಯಾಲಕ್ಸಿಗಳನ್ನು ದೊಡ್ಡದಾಗಿ ತೆಗೆಯುವವರಿಗೆ 1000 ಉಪಯೋಗ, ಇಲ್ಲ ಅನ್ನೋಲ್ಲ. ನಿಮ್ಮ ಪಟ್ಟಿಯಲ್ಲಿ ಅವು ಇಲ್ಲವಲ್ಲ.

ಆ 1000ದ ಜೊತೆಗೆ ಬರುವುದು ತೂಕ. 130ರ ಕೊಳವೆ ಸುಮಾರು ನಾಲ್ಕು ಕೆಜಿ, 200ರದ್ದು ಒಂಬತ್ತು ಕೆಜಿ ಹತ್ತಿರ. ಉದ್ದ ಹತ್ತಿರ ಹತ್ತಿರ ಒಂದು ಮೀಟರ್. ಮಾಳಿಗೆ ಮೇಲೆ ಸ್ವಲ್ಪ ಗಾಳಿ ಬಂದರೂ ದೋಣಿಯ ಹಾಯಿ ಥರ ಆಡುತ್ತದೆ.

ಈಗ ಮೌಂಟ್ ವಿಷಯ. ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ಹೆಚ್ಚಿನವರು ಎಡವುವುದು ಇಲ್ಲೇ.

ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಜರುಗುತ್ತದೆ, ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್. ನಿಮ್ಮ 200ಡಿಯ ಒಂದೊಂದು ಪಿಕ್ಸೆಲ್ 3.72 ಮೈಕ್ರಾನ್. ಅದನ್ನು 650ರ ಟೆಲಿಸ್ಕೋಪಿಗೆ ಕಟ್ಟಿದರೆ ಒಂದು ಪಿಕ್ಸೆಲ್ ಅಂದರೆ ಆಕಾಶದಲ್ಲಿ 1.18 ಆರ್ಕ್‌ಸೆಕೆಂಡ್. ಅಂದರೆ ಮೌಂಟ್ ಸುಮ್ನೆ ನಿಂತಿದ್ದರೆ ಮಹಾವ್ಯಾಧದ ನಡುಪಟ್ಟಿಯ ಮೂರು ನಕ್ಷತ್ರಗಳು ಒಂದೇ ಸೆಕೆಂಡಿನಲ್ಲಿ ಹನ್ನೆರಡು ಹದಿಮೂರು ಪಿಕ್ಸೆಲ್ ಗೆರೆ ಎಳೆದಿರುತ್ತವೆ. 18-55 ಲೆನ್ಸಿನಲ್ಲಿ ಹತ್ತಾರು ಸೆಕೆಂಡ್ ತೆಗೆದು ಚೆನ್ನಾಗಿ ಬಂತಲ್ಲ ಅನ್ನುವ ಅನುಭವ ಇಲ್ಲಿ ಕೆಲಸಕ್ಕೆ ಬರೋದಿಲ್ಲ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಮೌಂಟ್ ತಿರುಗಬೇಕು, ಅದೂ ಒಂದು ಪಿಕ್ಸೆಲ್ ಆಚೀಚೆ ಆಗದ ಹಾಗೆ. ಒಳಗಿರುವ ವರ್ಮ್ ಗೇರ್ ಸುಮಾರು ಹತ್ತು ನಿಮಿಷಕ್ಕೊಂದು ಸುತ್ತು ಬರುತ್ತದೆ, ಅದರ ಹಲ್ಲಿನಲ್ಲಿ ಒಂಚೂರು ಏರುಪೇರಿದ್ದರೂ ನಕ್ಷತ್ರ ಆ ಕಡೆ ಈ ಕಡೆ ತೂಗಾಡುತ್ತದೆ.

ಮೌಂಟಿನ ಡಬ್ಬದ ಮೇಲೆ ಬರೆದಿರುವ ತೂಕವನ್ನು ನಂಬಬೇಡಿ. ಅದು ಕಣ್ಣಿಟ್ಟು ನೋಡುವವರ ಲೆಕ್ಕ. ಫೋಟೊಗೆ ಅದರ ಅರ್ಧ, ಹೆಚ್ಚೆಂದರೆ ಮೂರರಲ್ಲಿ ಎರಡು ಭಾಗ. 130ರ ಕೊಳವೆ, ಕ್ಯಾಮೆರಾ, ಮೂಲೆಯ ನಕ್ಷತ್ರಗಳನ್ನು ಸರಿಮಾಡುವ ಕರೆಕ್ಟರ್ ಲೆನ್ಸ್ (ಮುಂದೆ ಹೇಳ್ತೀನಿ), ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು ಮೌಂಟನ್ನು ತಿದ್ದುವ ಪುಟ್ಟ ಗೈಡ್ ಸ್ಕೋಪ್ ಎಲ್ಲ ಸೇರಿದರೆ ಐದೂವರೆ ಆರು ಕೆಜಿ ಆಗುತ್ತದೆ. ಸ್ಟಾರ್ ಅಡ್ವೆಂಚರರ್ ಜಿಟಿಐ ಥರದ ಪುಟಾಣಿ ಮೌಂಟಿಗೆ ಐದು ಕೆಜಿಯೇ ಮಿತಿ, ಹಾಗಾಗಿ ಅದು ಬೇಡ. ಮೋಟಾರ್ ಇರುವ ಇಕ್ಯೂ5 ಅನ್ನುವ ಮೌಂಟ್ ನಡೆಯುತ್ತದೆ, ಅದಕ್ಕಿಂತ ಗಟ್ಟಿಯಾದದ್ದು ಎಚ್‌ಇಕ್ಯೂ5 ಆದರೆ ಚಿಂತೆಯಿಲ್ಲ, ಆದರೆ ಹೊಸದು ತಗೊಂಡರೆ ನಿಮ್ಮ ಒಂದೂವರೆ ಲಕ್ಷದ ಬಹುಪಾಲು ಅಲ್ಲೇ ಖಾಲಿ. ನನ್ನನ್ನು ಕೇಳಿದರೆ ಖಾಲಿಯಾಗಲಿ ಅಂತೀನಿ. ಈ ವರ್ಷ ಮೌಂಟ್, ಕೊಳವೆ ಮುಂದಿನ ವರ್ಷ.

ಅಲ್ಲಿಯವರೆಗೆ ಏನು ಮಾಡೋದು ಅಂತೀರಾ? ನಿಮ್ಮ ಹತ್ತಿರ 55-250 ಇದೆಯಲ್ಲ! ಆಂಡ್ರೊಮೆಡಾ ಗ್ಯಾಲಕ್ಸಿ ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಉದ್ದ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. 650ರ ಟೆಲಿಸ್ಕೋಪಿನಲ್ಲಿ ನಿಮ್ಮ ಕ್ಯಾಮೆರಾ ಎರಡು ಡಿಗ್ರಿ ಅಗಲ, 1.3 ಡಿಗ್ರಿ ಎತ್ತರದ ಆಕಾಶವನ್ನಷ್ಟೇ ಹಿಡಿಯುತ್ತದೆ, ಅದರಲ್ಲಿ ಆಂಡ್ರೊಮೆಡಾದ ಎರಡೂ ತುದಿ ಕತ್ತರಿಸಿ ಹೋಗುತ್ತವೆ. ಎಂಟು ಇಂಚಿನದರಲ್ಲಾದರೆ ಬರೀ ಹೊಟ್ಟೆ ಮಾತ್ರ ಬರುತ್ತದೆ. ಅದೇ 250 ಲೆನ್ಸ್ ಐದು ಡಿಗ್ರಿ ಅಗಲ ಹಿಡಿಯುತ್ತದೆ, ಗ್ಯಾಲಕ್ಸಿ ಆರಾಮಾಗಿ ಕೂರುತ್ತದೆ. ಮೌಂಟ್ ಮೇಲೆ ಕ್ಯಾಮೆರಾ, ಕ್ಯಾಮೆರಾಕ್ಕೆ ಆ ಲೆನ್ಸ್, 30 ಸೆಕೆಂಡಿನ 120 ಫೋಟೊ, ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸಿರಿಲ್‌ನಲ್ಲಿ ಒಂದರ ಮೇಲೊಂದು ಪೇರಿಸಿ. ಎರಡೂ ಪುಕ್ಕಟೆ ಸಾಫ್ಟ್‌ವೇರ್. ಎರಡು ತಿಂಗಳು ಹೀಗೆ ಕೈ ಪಳಗಿದ ಮೇಲೆ ಟೆಲಿಸ್ಕೋಪ್ ಬಂದರೆ ಅರ್ಧ ಪಾಠ ಆಗಲೇ ಮುಗಿದಿರುತ್ತದೆ.

ಇನ್ನು ನಮ್ಮ ಊರಿನದೇ ಒಂದು ತಾಪತ್ರಯ ಇದೆ. ಹೊರದೇಶದವರ ವಿಡಿಯೊಗಳಲ್ಲಿ ಇದರ ಸುದ್ದಿಯೇ ಬರೋದಿಲ್ಲ. ತಿಪಟೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮೇಲೆ ಅಷ್ಟೇ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಸುಮಾರು ಹತ್ತು ಡಿಗ್ರಿ, ಅಂದರೆ ಒಂದೂಕಾಲು ಮುಷ್ಟಿ ಎತ್ತರ. ಉತ್ತರಕ್ಕೆ ಅರವತ್ತು ಮೀಟರ್ ದೂರದಲ್ಲಿ ಒಂದು ಹದಿನೈದು ಮೀಟರಿನ ತೆಂಗಿನ ಮರ ಇದ್ದರೆ ಸಾಕು, ಧ್ರುವ ಮಾಯ. ನಿಮ್ಮ ಕಡೆ ಒಂದು ಮರವಾ ಇರೋದು? ಮೌಂಟಿನ ಅಕ್ಷವನ್ನು ಧ್ರುವದ ಕಡೆ ತಿರುಗಿಸದೆ ಫೋಟೊ ಇಲ್ಲ, ಹಾಗಾಗಿ ಉತ್ತರದ ಕಡೆ ಬಯಲಿರುವ ಜಾಗ ಈಗಲೇ ಹುಡುಕಿಟ್ಟುಕೊಳ್ಳಿ. ಕೆರೆ ಏರಿ, ಶಾಲೆಯ ಆಟದ ಮೈದಾನ, ಏನಾದರೂ. ಅದೂ ಆಗದಿದ್ದರೆ ನೀನಾ ಅನ್ನುವ ಸಾಫ್ಟ್‌ವೇರಿನಲ್ಲಿ ಅಕ್ಷವನ್ನು ಧ್ರುವಕ್ಕೆ ನೇರ ಮಾಡುವ ಮೂರು ಬಿಂದುವಿನ ಅಲೈನ್‌ಮೆಂಟ್ ಇದೆ, ಅದಕ್ಕೆ ಧ್ರುವ ಕಾಣಲೇಬೇಕೆಂದಿಲ್ಲ. ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಬೇಕು ಅಷ್ಟೇ.

ಇನ್ನೊಂದು, ಎಷ್ಟೋ ಮೌಂಟುಗಳು 13 ಡಿಗ್ರಿಯಷ್ಟು ಕೆಳಕ್ಕೆ ಬಾಗುವುದಕ್ಕೆ ಒದ್ದಾಡುತ್ತವೆ. ಬಾಗಿದರೂ ಕೊಳವೆಗೆ ಸಮತೂಕವಾಗಿ ಇನ್ನೊಂದು ಕಡೆ ಹಾಕುವ ಕೌಂಟರ್‌ವೇಟ್ ಹೋಗಿ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಲಂಡನ್ನಿನಲ್ಲಿ ಕೂತು ರಿವ್ಯೂ ಬರೆಯುವವನಿಗೆ ಧ್ರುವ 51 ಡಿಗ್ರಿ ಮೇಲಿದೆ, ಅವನಿಗೆ ಈ ಕಷ್ಟ ಗೊತ್ತೇ ಇಲ್ಲ. ಹಾಗಾಗಿ ಅಂಗಡಿಯವರನ್ನು "ಇದು 13 ಡಿಗ್ರಿಗೆ ಇಳಿಯುತ್ತಾ, ಇಳಿಸಿ ತೋರಿಸಿ" ಅಂತ ಬಾಯಿಬಿಟ್ಟು ಕೇಳಿ. ಟ್ರೈಪಾಡಿಗೂ ಮೌಂಟಿಗೂ ನಡುವೆ ಹಾಕುವ ಗಿಡ್ಡ ಕಂಬ ಸಿಗುತ್ತದೆ, ಅದು ಹಾಕಿದರೆ ಬಡಿಯೋದು ತಪ್ಪುತ್ತದೆ. ಆದರೆ ದಕ್ಷಿಣದಲ್ಲಿರುವುದರ ಲಾಭವೂ ಇದೆ. ಒಮೆಗಾ ಸೆಂಟಾರಿ ಅನ್ನುವ ಭಾರಿ ನಕ್ಷತ್ರಗುಚ್ಛ ಏಪ್ರಿಲ್ ನಡುರಾತ್ರಿ ನಿಮ್ಮೂರಿನಲ್ಲಿ ದಕ್ಷಿಣಕ್ಕೆ 29 ಡಿಗ್ರಿ ಮೇಲೆ ನಿಂತಿರುತ್ತದೆ. ಲಂಡನ್ನಿನವನಿಗೆ ಅದು ಯಾವತ್ತೂ ಹುಟ್ಟುವುದೇ ಇಲ್ಲ.

ಕೊಳವೆ ಆರಿಸುವಾಗ ಎರಡು ಮೋಸ ನೋಡಿಕೊಳ್ಳಬೇಕು. ಎರಡರಲ್ಲೂ ನಾನು ಬಿದ್ದಿದ್ದೇನೆ.

ನನ್ನ ಮೊದಲ ಟೆಲಿಸ್ಕೋಪ್ 114 ಮಿ.ಮೀ. ರಿಫ್ಲೆಕ್ಟರ್. ಡಬ್ಬದ ಮೇಲೆ 1000 ಮಿ.ಮೀ. ಫೋಕಲ್ ಲೆಂತ್ ಅಂತ ಬರೆದಿತ್ತು, ಕೊಳವೆ ನೋಡಿದರೆ ಅರ್ಧ ಮೀಟರ್! ಅಷ್ಟು ಗಿಡ್ಡ ಕೊಳವೆಯಲ್ಲಿ ಅಷ್ಟುದ್ದ ಹೇಗೆ ಅಂತ ಕೇಳುವ ಬುದ್ಧಿ ಆಗ ಇರಲಿಲ್ಲ. ಒಳಗೆ, ಫೋಕಸರಿನ (ಕಣ್ಣು ಅಥವಾ ಕ್ಯಾಮೆರಾ ಇಡುವ, ಒಳಗೆ ಹೊರಗೆ ಸರಿಯುವ ಗಿಡ್ಡ ಕೊಳವೆ) ಬುಡದಲ್ಲಿ, ಒಂದು ಲೆನ್ಸ್ ಕೂರಿಸಿ ಉದ್ದ ಹಿಗ್ಗಿಸಿರುತ್ತಾರೆ, ಕನ್ನಡಿ ಪ್ಯಾರಾಬೋಲಾ ಆಕಾರದ್ದಲ್ಲ, ಸಾದಾ ಗೋಳಾಕಾರದ್ದು. ಈ ಜಾತಿಗೆ ಬರ್ಡ್-ಜೋನ್ಸ್ ಅಂತ ಹೆಸರು. ಚಂದ್ರನನ್ನು ಕಣ್ಣಿಟ್ಟು ನೋಡಲು ಅಡ್ಡಿಯಿಲ್ಲ, ಫೋಟೊಗೆ ಬೇಡವೇ ಬೇಡ. ಎರಡು ಕನ್ನಡಿಯ ಸಾದಾ ನ್ಯೂಟೋನಿಯನ್ ಕೊಳವೆ ಹತ್ತಿರ ಹತ್ತಿರ ಫೋಕಲ್ ಲೆಂತಿನಷ್ಟೇ ಉದ್ದ ಇರುತ್ತದೆ. ಟೇಪ್ ಹಿಡಿದು ಅಳೆದರೆ ಗೊತ್ತಾಗುತ್ತದೆ.

ಎರಡನೆಯದು ಇನ್ನೂ ಬೇಜಾರಿನದು. ಅದಾದ ಮೇಲೆ ಒಂದು ಒಳ್ಳೆಯ 130 ತಗೊಂಡೆ, ಎಫ್/5, ಪ್ಯಾರಾಬೋಲಾ ಕನ್ನಡಿ, ಎಲ್ಲ ಸರಿ. ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಜೋಡಿಸುವ ಟಿ-ರಿಂಗ್ ಹಾಕಿ ಕ್ಯಾಮೆರಾ ಕೂರಿಸಿ ಚಂದ್ರನ ಕಡೆ ತಿರುಗಿಸಿದರೆ ಪರದೆ ಮೇಲೆ ಹಾಲಲ್ಲಿ ಅದ್ದಿದ ಇಡ್ಲಿ. ಫೋಕಸ್ ತಿರುಪು ಒಳಗೆ ತಿರುಗಿಸಿದೆ, ಇನ್ನೂ ತಿರುಗಿಸಿದೆ, ಟಕ್ ಅಂತ ಕೊನೆ ಮುಟ್ಟಿತು, ಇಡ್ಲಿ ಸ್ವಲ್ಪ ಸಣ್ಣದಾಯಿತೇ ಹೊರತು ಚಂದ್ರ ಆಗಲಿಲ್ಲ. ಕಾರಣ ಸರಳ. ಕ್ಯಾನನ್ ಡಿಎಸ್ಎಲ್ಆರ್‌ನಲ್ಲಿ ಸೆನ್ಸರ್ ಲೆನ್ಸ್ ಮೌಂಟಿನಿಂದ 44 ಮಿ.ಮೀ. ಒಳಗಿದೆ, ಟಿ-ರಿಂಗ್ ಸೇರಿದರೆ 55. ಕಣ್ಣಿಗಾಗಿ ಮಾಡಿದ ಟೆಲಿಸ್ಕೋಪಿನಲ್ಲಿ ಬೆಳಕು ಅಷ್ಟು ದೂರ ಬರುವ ಮೊದಲೇ ಕೂಡಿಬಿಡುತ್ತದೆ. ಫೋಕಲ್ ಲೆಂತ್ ಹಿಗ್ಗಿಸುವ ಬಾರ್ಲೋ ಲೆನ್ಸ್ ಹಾಕಿದರೆ ಫೋಕಸ್ ಸಿಗುತ್ತದೆ, ಆದರೆ 2 ಪಟ್ಟಿನ ಬಾರ್ಲೋ ಎಫ್/5 ಅನ್ನು ಎಫ್/10 ಮಾಡುತ್ತದೆ, ಎಕ್ಸ್‌ಪೋಷರ್ ನಾಲ್ಕು ಪಟ್ಟು. ಚಂದ್ರನಿಗೆ ಪರವಾಗಿಲ್ಲ, ನೀಹಾರಿಕೆಗೆ ಆಗೋಲ್ಲ. ಕೊನೆಗೆ ನಾನು ಕನ್ನಡಿಯನ್ನೇ ಬಿಚ್ಚಿ ಕೊಳವೆಗೆ ಹೊಸ ತೂತು ಕೊರೆದು ಮುಂದಕ್ಕೆ ತಳ್ಳಿ ಕೂರಿಸಿದೆ, ಆ ಕಥೆ ಇನ್ನೊಮ್ಮೆ. ನೀವು ಡ್ರಿಲ್ ಹಿಡಿಯುವುದು ಬೇಡ. ಫೋಟೊಗೆಂದೇ ಕನ್ನಡಿ ಮುಂದಿಟ್ಟು ಮಾಡಿದ ಕೊಳವೆ ಸಿಗುತ್ತದೆ. ಸ್ಕೈ-ವಾಚರ್ 130ಪಿಡಿಎಸ್ ಅಂಥದ್ದು, ಎರಡು ಇಂಚಿನ ಫೋಕಸರ್, ಸೂಕ್ಷ್ಮವಾಗಿ ತಿರುಗಿಸಲು ಪುಟ್ಟ ತಿರುಪೂ ಇದೆ. ಅದೇ ಹೆಸರಿನ ಕಣ್ಣಿಗೆ ಮಾಡಿದ 130 ಕೂಡ ಮಾರುತ್ತಾರೆ, ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿಕೊಳ್ಳಿ.

ಪಿಡಿಎಸ್‌ನಲ್ಲೂ ಒಂದು ಕೊರತೆ ಇದೆ, ಹೇಳಿಬಿಡ್ತೀನಿ. ಫೋಕಸರನ್ನು ಒಳಗೆ ತಳ್ಳಿದಾಗ ಅದರ ತುದಿ ಬೆಳಕಿನ ದಾರಿಗೆ ಚಾಚಿಕೊಳ್ಳುತ್ತದೆ. ದೊಡ್ಡ ನಕ್ಷತ್ರಗಳು ಒಂದು ಕಡೆ ಕಚ್ಚಿದ ಬಿಸ್ಕತ್ತಿನ ಥರ ಕಾಣುತ್ತವೆ. ಕೆಲವರು ಆ ತುದಿಯನ್ನು ಗರಗಸದಲ್ಲಿ ಕೊಯ್ದು ಹಾಕುತ್ತಾರೆ. ಮೊದಲ ವರ್ಷ ಅದು ನಿಮ್ಮ ಕಣ್ಣಿಗೇ ಬೀಳೋಲ್ಲ, ಬಿಡಿ.

ಎಫ್/5 ಕನ್ನಡಿ ಅಂದರೆ ಕೋಮಾ ಇದ್ದೇ ಇರುತ್ತದೆ. ನಡುವಿನ ನಕ್ಷತ್ರಗಳು ಸಾಸಿವೆ ಕಾಳಿನ ಹಾಗೆ ದುಂಡಗೆ, ಮೂಲೆಯವು ಮಾತ್ರ ಬಾಲ ಬಿಟ್ಟ ಗೊದಮೊಟ್ಟೆಗಳು. ಕೋಮಾ ಕರೆಕ್ಟರ್ ಅಂತ ಒಂದು ಲೆನ್ಸ್ ಗುಂಪು ಸಿಗುತ್ತದೆ, ಅದನ್ನು ಕೊಳವೆಯ ಜೊತೆಗೇ ತಗೊಳ್ಳಿ, ಆಮೇಲೆ ನೋಡೋಣ ಅನ್ನಬೇಡಿ. 0.9 ಪಟ್ಟಿನದು ಹಾಕಿದರೆ ಫೋಕಲ್ ಲೆಂತ್ 585ಕ್ಕೆ ಇಳಿದು ಎಫ್/4.5 ಆಗುತ್ತದೆ, ಅದು ಬೋನಸ್. ಕರೆಕ್ಟರಿನಿಂದ ಸೆನ್ಸರಿಗೆ ಸಾಮಾನ್ಯವಾಗಿ 55 ಮಿ.ಮೀ. ಇರಬೇಕು, ನಿಮ್ಮ ಕ್ಯಾನನ್‌ಗೆ ಟಿ-ರಿಂಗ್ ಹಾಕಿದರೆ ತಾನಾಗಿಯೇ ಅಷ್ಟೇ ಆಗುತ್ತದೆ.

ಈಗ ನಿಮ್ಮ ಭಾವಮೈದನ ತಲೆನೋವಿಗೆ ಬರೋಣ. ಅವರು ಹೇಳಿದ್ದು ಕೊಲಿಮೇಶನ್ ಬಗ್ಗೆ ಇರಬೇಕು, ಎರಡು ಕನ್ನಡಿಗಳನ್ನು ಒಂದಕ್ಕೊಂದು ನೇರ ಮಾಡುವ ಕೆಲಸ. ತಲೆನೋವು ನಿಜ, ಆದರೆ ಹತ್ತು ನಿಮಿಷದ್ದು. ಗಾಡಿಯಲ್ಲಿ ತೋಟದ ದಾರಿ ಕುಲುಕಿಸಿಕೊಂಡು ಹೋದ ಮೇಲೆ ಪ್ರತಿ ಸಲ ನೋಡಬೇಕು. ದೊಡ್ಡ ಕನ್ನಡಿಯ ನಟ್ಟನಡುವೆ ಒಂದು ಪುಟ್ಟ ಉಂಗುರ ಅಂಟಿಸಿರುತ್ತಾರೆ. ಫೋಕಸರಿನಲ್ಲಿ ಚೆಷೈರ್ ಅನ್ನುವ ತೂತಿನ ಕೊಳವೆ ಇಟ್ಟು ಕಣ್ಣಿಟ್ಟರೆ ಆ ಉಂಗುರ ಕಾಣುತ್ತದೆ. ಹಿಂದಿನ ಮೂರು ತಿರುಪು ಒಂಚೂರು ಒಂಚೂರು ತಿರುಗಿಸಿ ಉಂಗುರವನ್ನು ನಡುಮಧ್ಯಕ್ಕೆ ತಂದರೆ ಆಯಿತು. ಚೆಷೈರ್ ಬದಲು ಲೇಸರ್ ತಗೊಳ್ಳುವ ಆಸೆಯಾದರೆ ಮೊದಲು ಅದನ್ನು ಫೋಕಸರಿನಲ್ಲಿ ಗುಂಡಗೆ ತಿರುಗಿಸಿ ನೋಡಿ, ಕನ್ನಡಿ ಮೇಲಿನ ಚುಕ್ಕೆ ಜಾಗದಲ್ಲೇ ಇರದೆ ವೃತ್ತ ಬರೆದರೆ ಲೇಸರೇ ಸೊಟ್ಟ. ಅಗ್ಗದವು ಹೀಗೇ ಇರುತ್ತವೆ. ಫೋಕಸ್ ಕೂಡ ನಾಜೂಕು, ಎಫ್/5ರಲ್ಲಿ ಸರಿಯಾದ ಜಾಗದ ಅಗಲ 67 ಮೈಕ್ರಾನ್, ಒಂದು ತಲೆಗೂದಲಿನ ದಪ್ಪದಷ್ಟು. ಬಾಟಿನೊವ್ ಮಾಸ್ಕ್ ಇಲ್ಲದೆ ಕಣ್ಣಂದಾಜಿನಲ್ಲಿ ಹಿಡಿಯೋಕೆ ಹೋಗಬೇಡಿ. ಫೋಕಸ್ ಸರಿಯಾಯಿತಾ ಅಂತ ನೋಡಲು ಕೊಳವೆಯ ಬಾಯಿಗೆ ಇಡುವ, ಗೆರೆಗೆರೆಯಾಗಿ ಸೀಳಿದ ರಟ್ಟು ಅಷ್ಟೇ ಅದು, ಶಾಲೆಯ ಮಕ್ಕಳೇ ಕತ್ತರಿಸಿ ಕೊಡುತ್ತಾರೆ.

ಇದೆಲ್ಲ ಬೇಡಪ್ಪಾ ಅನ್ನಿಸಿದರೆ ಭಾವಮೈದನ ಮಾತು ಕೇಳಿ, 70-80 ಮಿ.ಮೀ. 'ಇ.ಡಿ.' ಗಾಜಿನ (ಬಣ್ಣ ಚೆದುರುವುದನ್ನು ಕಡಿಮೆ ಮಾಡುವ ವಿಶೇಷ ಗಾಜು) ರಿಫ್ರಾಕ್ಟರ್, ಅಂದರೆ ಲೆನ್ಸ್ ಟೆಲಿಸ್ಕೋಪ್ ತಗೊಳ್ಳಿ. ಕೊಲಿಮೇಶನ್ ಗೋಜಿಲ್ಲ, ಹಗುರ. ಆದರೆ ಅಗ್ಗದ ಸಾದಾ ಗಾಜಿನದು ಬೇಡ, ಪ್ರತಿ ನಕ್ಷತ್ರದ ಸುತ್ತ ನೇರಳೆ ಬಣ್ಣ ಹಚ್ಚುತ್ತದೆ. ಕನ್ನಡಿಗೆ ಆ ರೋಗವಿಲ್ಲ, ಎಲ್ಲ ಬಣ್ಣವನ್ನೂ ಒಂದೇ ಕಡೆ ಕೂಡಿಸುತ್ತದೆ. ನ್ಯೂಟನ್ 1668ರಲ್ಲಿ ಕನ್ನಡಿ ಹಿಡಿದಿದ್ದೂ ಈ ಬಣ್ಣದ ಕಾಟಕ್ಕೇ.

ಗುರು ಗ್ರಹದ ಬಗ್ಗೆ ಆಸೆ ಕಡಿಮೆ ಇಟ್ಟುಕೊಳ್ಳಿ. 650ರಲ್ಲಿ ಚಂದ್ರ ಸುಮಾರು 1600 ಪಿಕ್ಸೆಲ್ ಅಗಲ ಬರುತ್ತಾನೆ, ಚೆನ್ನಾಗಿರುತ್ತದೆ. ಗುರು ಹತ್ತಿರ ಇದ್ದಾಗಲೂ ಬರುವುದು 38 ಪಿಕ್ಸೆಲ್. ನಾಲ್ಕು ಉಪಗ್ರಹ ಚುಕ್ಕೆಗಳಾಗಿ ಸಿಗುತ್ತವೆ, ಪಟ್ಟೆಗಳು ಬೇಕಾದರೆ ಬಾರ್ಲೋ ಹಾಕಿ ವಿಡಿಯೊ ತೆಗೆಯಬೇಕು, ಅದು ಬೇರೆಯೇ ವಿದ್ಯೆ. ನಿಮ್ಮ ಕ್ಯಾಮೆರಾದ ಒಳಗಿರುವ ಫಿಲ್ಟರ್ ಹೈಡ್ರೋಜನ್‌ನ ಕಡುಗೆಂಪು ಬೆಳಕಿನ ಬಹುಪಾಲನ್ನು ತಡೆಯುತ್ತದೆ, ಹಾಗಾಗಿ ಬರೀ ಕೆಂಪು ನೀಹಾರಿಕೆಗಳು ಮಂಕಾಗಿ ಬರುತ್ತವೆ. ಮಹಾವ್ಯಾಧದ್ದಕ್ಕೆ ತೊಂದರೆ ಇಲ್ಲ, ಅದು ಅಷ್ಟು ಪ್ರಕಾಶಮಾನ. ಡಿಸೆಂಬರ್ ನಡುವಿನಲ್ಲಿ ಮಧ್ಯರಾತ್ರಿಗೆ ನಿಮ್ಮ ನೆತ್ತಿಯ ಹತ್ತಿರವೇ ಇರುತ್ತದೆ. ಅದರ ನಡುಭಾಗ ಬೇಗ ಸುಟ್ಟು ಬೆಳ್ಳಗಾಗುತ್ತದೆ, ಅದಕ್ಕೆ ಐದು ಸೆಕೆಂಡಿನವು ಒಂದಿಷ್ಟು ಬೇರೆ ತೆಗೆದಿಡಿ.

ಕೆಲವು ಚಿಲ್ಲರೆ ಮಾತು. ಕೊಳವೆಯ ಹಿಂಭಾಗ ಪೂರ್ತಿ ಮುಚ್ಚಿರೋದಿಲ್ಲ, ಪಕ್ಕದ ಮನೆಯ ಬಲ್ಬಿನ ಬೆಳಕು ಅಲ್ಲಿಂದ ನುಗ್ಗುತ್ತದೆ, ಕಪ್ಪು ಬಟ್ಟೆ ಕಟ್ಟಿ. ಬೆಳಗ್ಗೆ ಬಿಚ್ಚುವ ಮೊದಲು ಕೊಳವೆಯ ಬಾಯಿಗೆ ಬಿಳಿ ಬನಿಯನ್ ಬಿಗಿಯಾಗಿ ಹೊದಿಸಿ, ಸೂರ್ಯ ಹುಟ್ಟುವ ಮುಂಚಿನ ಬೆಳಕಿಗೆ ಇಪ್ಪತ್ತು ಫೋಟೊ ತೆಗೆಯಿರಿ, ಧೂಳಿನ ಕಲೆ ಮತ್ತು ಮೂಲೆಯ ಕತ್ತಲು ತೆಗೆಯಲು ಅವು ಬೇಕು. ಸೂರ್ಯನ ಕಡೆ ಮಾತ್ರ ಮಕ್ಕಳ ಕೈಯಲ್ಲಿ ಇದು ಯಾವತ್ತೂ ತಿರುಗಬಾರದು. ಜೋಡಿಸುವಾಗ ಮೊದಲು ಕೌಂಟರ್‌ವೇಟ್, ಆಮೇಲೆ ಕೊಳವೆ. ಬಿಚ್ಚುವಾಗ ಮೊದಲು ಕೊಳವೆ. ನಾನೊಮ್ಮೆ ಉಲ್ಟಾ ಮಾಡಿದೆ, ಕೊಳವೆ ತಲೆಕೆಳಗಾಗಿ ತಿರುಗಿ ಟ್ರೈಪಾಡಿಗೆ ಬಡಿದ ಗುರುತು ಇವತ್ತಿಗೂ ಇದೆ.

ಮಳೆಗಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ಕೆಲಸ ಇಲ್ಲ. ಎರಡೂ ಕಡೆ ಮುಚ್ಚಳ ಹಾಕಿ, ಸಿಲಿಕಾ ಜೆಲ್ ಚೀಲ ಒಳಗಿಟ್ಟು, ಒಣ ಕೋಣೆಯಲ್ಲಿ ಅಡ್ಡ ಮಲಗಿಸಿ. ತೆಂಗಿನಕಾಯಿ ರಾಶಿ ಹಾಕುವ ಅಟ್ಟದಲ್ಲಿ ಬೇಡ. ದಸರಾ ಹೊತ್ತಿಗೆ ತೆಗೆದಾಗ ಕನ್ನಡಿ ಮೇಲೆ ಧೂಳು ಕಂಡರೆ ಒರೆಸೋಕೆ ಹೋಗಬೇಡಿ, ಒಂದಿಷ್ಟು ಧೂಳಿನಿಂದ ಫೋಟೊ ಕೆಡೋದಿಲ್ಲ, ಬಟ್ಟೆ ತಗೊಂಡು ಉಜ್ಜಿದರೆ ಅಲ್ಯೂಮಿನಿಯಂ ಲೇಪನ ಗೀರಿಕೊಳ್ಳುತ್ತದೆ.